ಕಲ್ಲಿನ ಗೋಡೆಯ ಮನೆಗೆ ಎಂಥ ರೂಟರ್?

ಪ್ರಶ್ನೆ: ನಮ್ಮದು ಹಳೆಯ ಕಲ್ಲಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಫೈಬರ್ ಮೋಡೆಮ್ ಪಡಸಾಲೆಯಲ್ಲಿದೆ. ಹಿಂದಿನ ಕೋಣೆಯಲ್ಲಿ ಮಗಳು ಓದಲು ಕೂತರೆ ವೈಫೈ ಬರುವುದೇ ಇಲ್ಲ. ಅಂಗಡಿಯವರು ಆರು ಆಂಟೆನಾದ ರೂಟರ್ ತೋರಿಸಿ, ಇದು ಎಂಥ ಗೋಡೆಯನ್ನೂ ದಾಟುತ್ತದೆ ಎನ್ನುತ್ತಾರೆ. ತರಬಹುದೇ?
— ಓದುಗರು, ಕುಷ್ಟಗಿ

ಉತ್ತರ: ತರಬೇಡಿ. ರೂಟರ್ ಎಷ್ಟು ಶಕ್ತಿಯಲ್ಲಿ ತರಂಗ ಬಿಡಬಹುದು ಎಂಬುದಕ್ಕೆ ಸರ್ಕಾರದ ಮಿತಿ ಇದೆ. ಆಂಟೆನಾ ಎರಡಿರಲಿ ಆರಿರಲಿ, ಆ ಮಿತಿ ದಾಟುವಂತಿಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ರೂಟರಿನ ಸಿಗ್ನಲ್ ಗೋಡೆ ದಾಟಿ ಫೋನಿಗೆ ಮುಟ್ಟಿದರೂ, ಫೋನ್ ಕಳಿಸುವ ಉತ್ತರ ಅದೇ ಗೋಡೆ ದಾಟಿ ವಾಪಸ್ ಬರಬೇಕು. ಫೋನಿನ ಆಂಟೆನಾ ಚಿಕ್ಕದು, ಶಕ್ತಿಯೂ ಕಡಿಮೆ. ಎಷ್ಟೋ ಮನೆಗಳಲ್ಲಿ ವೈಫೈ ಗೆರೆ ತುಂಬಿ ಕಂಡರೂ ವಿಡಿಯೊ ಸುತ್ತುತ್ತಲೇ ಇರುವುದು ಇದಕ್ಕೇ.

ಕಲ್ಲಿನ ಗೋಡೆಗೆ ಮದ್ದು ತಂತಿ. ಮೋಡೆಮಿನಿಂದ ಹಿಂದಿನ ಕೋಣೆಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದು, ಅಲ್ಲಿ ಸಾಧಾರಣ ಬೆಲೆಯ ಎರಡನೇ ರೂಟರ್ ಇಡಿ. ನಿಮ್ಮಂಥ ಮನೆಗೆ 15–20 ಮೀಟರ್ ಸಾಕಾದೀತು; ಮೊದಲು ಗೋಡೆಗುಂಟ ಸುತಳಿ ಹಿಡಿದು ಅಳೆಯಿರಿ, 2 ಮೀಟರ್ ಹೆಚ್ಚಿಗೆ ತನ್ನಿ. ಕಲ್ಲು-ಮಣ್ಣಿನ ಗೋಡೆಗೆ ಡ್ರಿಲ್ ಹೊಡೆದರೆ ಒಳಗಿನ ಮಣ್ಣು ಉದುರುತ್ತದೆ. ಬಾಗಿಲ ಚೌಕಟ್ಟಿನ ಮೇಲಿನ ಸಂದು ಅಥವಾ ಗವಾಕ್ಷಿಯಲ್ಲಿ ಹಾಯಿಸುವುದೇ ಮೇಲು. ಪ್ಲಗ್ ಇಲ್ಲದ ಕೇಬಲ್ ಎಳೆದು, ಆಮೇಲೆ ತುದಿಗಳಿಗೆ ಪ್ಲಗ್ ಕೂರಿಸಿದರೆ ಸಣ್ಣ ತೂತೇ ಸಾಕು.

ಕೇಬಲ್ ಕೊಳ್ಳುವಾಗ ಒಳಗಿನ ಒಂದು ಎಳೆಯ ಪ್ಲಾಸ್ಟಿಕ್ ಬಿಡಿಸಿ, ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅದು ಅಗ್ಗ, ಆದರೆ ನಾಲ್ಕು ಸಲ ಬಾಗಿಸಿದರೆ ಪ್ಲಗ್ ಹತ್ತಿರ ಮುರಿಯುತ್ತದೆ. ಪ್ಲಗ್ಗಿನಲ್ಲಿ ಎಳೆಗಳ ಕ್ರಮ ಎರಡೂ ತುದಿಗೆ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಇನ್ನು ಎರಡನೇ ರೂಟರಿನ ಸೆಟ್ಟಿಂಗ್. ಕೇಬಲ್ ಚುಚ್ಚುವ ಮೊದಲೇ ಫೋನಿನಿಂದ ಅದರ ಸೆಟ್ಟಿಂಗ್ ತೆರೆದು ‘ಆಕ್ಸೆಸ್ ಪಾಯಿಂಟ್’ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಇದರ ಕೆಲಸ) ಮೋಡ್ ಆರಿಸಿ. ಹಳೆಯ ರೂಟರಿನಲ್ಲಿ ಆ ಮೋಡ್ ಇಲ್ಲದಿದ್ದರೂ ನಡೆಯುತ್ತದೆ: ಮೋಡೆಮಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಇಂಟರ್ನೆಟ್ ಒಳಬರುವ ಪೋರ್ಟ್) ಬಿಟ್ಟು ಲ್ಯಾನ್ (ಮನೆಯ ಸಾಧನ ಜೋಡಿಸುವ) ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ಪೆಟ್ಟಿಗೆಗಳು ವಿಳಾಸ ಹಂಚತೊಡಗಿ, ‘ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ’ ಎಂಬ ಕಾಟ ಶುರುವಾಗುತ್ತದೆ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1ನೇ ಚಾನೆಲ್, ಇನ್ನೊಂದಕ್ಕೆ 11ನೇ ಚಾನೆಲ್ ಕೊಡಿ.

ತಂತಿ ಬೇಡವೆಂದು ರಿಪೀಟರ್ ಹಾಕುವವರಿದ್ದಾರೆ. ಅದು ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ಲೇ ಬಾರದ ಕೋಣೆಯೊಳಗೆ ಅದನ್ನಿಟ್ಟರೆ ಆ ಅರ್ಧವೂ ಸಿಗದು.

ಪ್ರಶ್ನೆ: 200 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇನೆ. ಡಬ್ಬಿಯ ಮೇಲೆ ಎಸಿ1200 ಎಂದಿರುವ ಹೊಸ ರೂಟರ್ ತಂದೆ. ಏನು ಮಾಡಿದರೂ ವೇಗ 94 ದಾಟುತ್ತಿಲ್ಲ. ಕೇಬಲ್‌ನವರು ಮೋಸ ಮಾಡುತ್ತಿದ್ದಾರೆಯೇ?
— ಓದುಗರು, ಸಿಂಧನೂರು

ಉತ್ತರ: 94 ಎಂಬ ಅಂಕಿಯೇ ಕಾರಣ ಹೇಳುತ್ತಿದೆ. 100 ಎಂಬಿಪಿಎಸ್ ಪೋರ್ಟಿನಿಂದ ನಿಜವಾಗಿ ಸಿಗುವುದೇ ಅಷ್ಟು. 1200 ಎಂಬುದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಕೂಡಿಸಿ ಬರೆದದ್ದು, ಅದೂ ಕಾಗದದ ಮೇಲಿನ ಲೆಕ್ಕ. ವೈಫೈ ಎಷ್ಟೇ ವೇಗದ್ದಾದರೂ ಹಿಂದಿನ ಪೋರ್ಟ್ 10/100 (ಎಂದರೆ ಹೆಚ್ಚೆಂದರೆ 100 ಎಂಬಿಪಿಎಸ್) ಆಗಿದ್ದರೆ ನೀರು ಬರುವ ಪೈಪೇ ಸಣ್ಣದು. ಅಗ್ಗದ ಎಸಿ1200 ಮಾದರಿಗಳಲ್ಲಿ ಇದು ಮಾಮೂಲು.

ಆದರೂ ಹೊಸದಕ್ಕೆ ದುಡ್ಡು ಹಾಕುವ ಮೊದಲು ಮೋಡೆಮಿನಿಂದ ರೂಟರಿಗೆ ಬರುವ ಕೇಬಲ್ ಬದಲಿಸಿ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಎಂಟೂ ಎಳೆ ಬೇಕು. ಒಂದು ಕಡಿದಿದ್ದರೂ ಗಿಗಾಬಿಟ್ ಪೋರ್ಟ್ 100ಕ್ಕೆ ಇಳಿದುಬಿಡಬಹುದು. ಕೇಬಲ್ ಸರಿಯಿದ್ದರೆ ರೂಟರ್ ಬದಲಿಸಿ. ಡಬ್ಬಿಯ ಮೇಲೆ ಎಎಕ್ಸ್1500 (ವೈಫೈ 6 ತಲೆಮಾರು) ಅಥವಾ ಮೇಲಿನದು, ವ್ಯಾನ್ ಮತ್ತು ಲ್ಯಾನ್ ಪೋರ್ಟ್ ಎಲ್ಲವೂ ಗಿಗಾಬಿಟ್, ಡಬ್ಲ್ಯುಪಿಎ3 ಭದ್ರತೆ — ಈ ಮೂರನ್ನು ಓದಿಯೇ ಬಿಲ್ ಮಾಡಿಸಿ.

ಪ್ರಶ್ನೆ: ಬೇಸಿಗೆಯ ಮಧ್ಯಾಹ್ನ ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಇದ್ದರೂ ನೆಟ್ ಬರಲು ಎರಡು-ಮೂರು ನಿಮಿಷ.
— ಓದುಗರು, ರಾಯಚೂರು

ಉತ್ತರ: ಮನೆಬಳಕೆಯ ರೂಟರುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಇರುವ ಮಿತಿ 40 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಬೇಸಿಗೆ ಅದನ್ನು ದಾಟುತ್ತದೆ. ಟಿವಿ ಕಪಾಟಿನೊಳಗೆ, ತಗಡಿನ ಅಟ್ಟದಲ್ಲಿ ಇನ್ನೂ ಹೆಚ್ಚು. ಗೋಡೆಗೆ 5–6 ಅಡಿ ಎತ್ತರದಲ್ಲಿ, ಬಿಸಿಲು ಬೀಳದ ಕಡೆ, ಸುತ್ತ ಗಾಳಿಯಾಡುವಂತೆ ತೂಗುಹಾಕಿ. ಕಬ್ಬಿಣದ ತಿಜೋರಿಯ ಮೇಲೆ ಮಾತ್ರ ಬೇಡ. ಆದರೂ ನಿಲ್ಲದಿದ್ದರೆ ಅಡಾಪ್ಟರ್ ಸೋತಿರಬಹುದು. ಹೊಸದು ತರುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ, ಪಿನ್ನಿನ ಪ್ಲಸ್-ಮೈನಸ್ ಹಳೆಯದರಂತೆಯೇ ಇರಲಿ.

ಇನ್ವರ್ಟರ್ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಅದು ಲೈನ್ ಬದಲಿಸುವಷ್ಟರಲ್ಲಿ ರೂಟರ್ ಆರಿಹೋಗುತ್ತದೆ. ಅಷ್ಟಕ್ಕೂ ಆಗದಿದ್ದರೆ ಮಿನಿ ಯುಪಿಎಸ್ (ರೂಟರಿಗೆಂದೇ ಇರುವ ಪುಟ್ಟ ಬ್ಯಾಟರಿ ಪೆಟ್ಟಿಗೆ) ಹಾಕಿ, ಆದರೆ ರೂಟರ್, ಫೈಬರ್ ಮೋಡೆಮ್ ಎರಡಕ್ಕೂ. ಒಂದು ಆರಿದರೂ ನೆಟ್ ಇಲ್ಲ.

ಪ್ರಶ್ನೆ: ಮನೆಯಿಂದ 400 ಮೀಟರ್ ದೂರದ ಹೊಲದ ಮೋಟರ್ ಶೆಡ್ಡಿಗೆ ಕ್ಯಾಮೆರಾ ಹಾಕಬೇಕು. ಮನೆಯ ವೈಫೈ ಅಲ್ಲಿಗೆ ಒಯ್ಯಬಹುದೇ?
— ಓದುಗರು, ಸಿರುಗುಪ್ಪ

ಉತ್ತರ: ಒಯ್ಯಬಹುದು. ಲ್ಯಾನ್ ಕೇಬಲ್ 100 ಮೀಟರಿಗೇ ಮುಗಿಯುತ್ತದೆ. ಅದಕ್ಕೆ ಮನೆ ಮಾಳಿಗೆಯ ಮೇಲೊಂದು, ಶೆಡ್ಡಿನ ಕಂಬಕ್ಕೊಂದು 5 ಗಿಗಾಹರ್ಟ್ಸ್‌ನ ಹೊರಾಂಗಣ ರೇಡಿಯೊ (ವೈಫೈ ಸಿಗ್ನಲ್ ದೂರಕ್ಕೆ ಕಳಿಸಿ-ಪಡೆಯುವ ಪೆಟ್ಟಿಗೆ) ಕೂರಿಸಿ, ಒಂದಕ್ಕೊಂದು ಮುಖಮಾಡಿ ನಿಲ್ಲಿಸಬೇಕು. ಕಣ್ಣಿಗೆ ಕಂಡರಷ್ಟೇ ಸಾಲದು; ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಎರಡೂವರೆ ಮೀಟರ್ ಬಯಲಿರಬೇಕು. ಭತ್ತದ ಪೈರು ಅಡ್ಡಿಯಲ್ಲ, ಕಂಬ ಗಿಡ್ಡವಿದ್ದರೆ ಮೆಕ್ಕೆಜೋಳ ಅಡ್ಡಿ. ಬೇವಿನ ಮರವೊಂದಿದ್ದರೆ ಚಿಗುರಿದ ಮೇಲೆ ಲಿಂಕ್ ಕಡಿಯುತ್ತದೆ.

ತೊಡಕಿರುವುದು ಕರೆಂಟಿನಲ್ಲಿ. ಪಂಪ್‌ಸೆಟ್ ಲೈನಿಗೆ ದಿನವಿಡೀ ಕರೆಂಟ್ ಇರುವುದಿಲ್ಲ, ಕಳವು ಆಗುವುದು ಕರೆಂಟಿಲ್ಲದ ಹೊತ್ತಿನಲ್ಲೇ. ಸೋಲಾರ್ ಮತ್ತು ಬ್ಯಾಟರಿ ಹೇಗೂ ಬೇಕು. ಒಂದೇ ಕ್ಯಾಮೆರಾ ಸಾಕಾದರೆ, ಹೊಲದಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದರೆ, ಸಿಮ್ ಹಾಕುವ 4ಜಿ ಸೋಲಾರ್ ಕ್ಯಾಮೆರಾ ತರುವುದೇ ವಾಸಿ. ಎರಡು-ಮೂರು ಕ್ಯಾಮೆರಾ ಬೇಕಾದರೆ ರೇಡಿಯೊ ಜೋಡಿ. ಆಗ ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಮಾಳಿಗೆಯಿಂದ ಇಳಿಯುವ ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ಬರುವ ವಿದ್ಯುತ್ ಹೊಡೆತ ತಡೆಯುವ ಸಾಧನ) ಹಾಕಿಸಿ. ಮೋಡ ಕವಿದೊಡನೆ, ಗುಡುಗು ಶುರುವಾಗುವ ಮೊದಲೇ ಆ ಕೇಬಲನ್ನು ರೂಟರಿನಿಂದ ಕಿತ್ತಿಡಿ; ಗುಡುಗುತ್ತಿರುವಾಗ ಮುಟ್ಟಬೇಡಿ. ಸಿಡಿಲಿನ ಹೊಡೆತ ಆ ತಂತಿಗುಂಟವೇ ಮನೆಯೊಳಗಿನ ಮೋಡೆಮ್, ಟಿವಿಗಳ ತನಕ ಬರುತ್ತದೆ.