ಕೊಕ್ಕೆಯ ನಾಲಿಗೆ ಮುಚ್ಚಿದೆಯೇ ನೋಡಿ

ಎಟಿಆರ್-72 ವಿಮಾನದ ಒಂದು ಸೀಟಿನಲ್ಲಿ ಬೆಲ್ಟ್ ಬದಿಗೆ ಸೆಟೆದು ನಿಂತಿದೆ, ಬೆಲ್ಟಿನ ತುದಿಯ ಕೊಕ್ಕೆಯೇನೋ ಸೀಟಿನ ಚೌಕಟ್ಟಿನ ಬಳೆಯೊಳಗೇ ಇದೆ, ಹಾಗೇ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬೇಡಿ. ಮೆತ್ತೆ ಎತ್ತಿ ಟಾರ್ಚ್ ಹಾಕಿ: ಕೊಕ್ಕೆಯ ಬಾಯಿ ಮುಚ್ಚುವ ಸ್ಪ್ರಿಂಗ್ ನಾಲಿಗೆ ಬಳೆಗೇ ಸಿಕ್ಕಿಕೊಂಡಿರಬಹುದು. ಮೇಲಿನಿಂದ ಎಲ್ಲ ಸರಿ ಎನಿಸುತ್ತದೆ, ಅಡ್ಡ ಎಳೆದರೆ ಕಳಚಿ ಕೈಗೆ ಬರುತ್ತದೆ. ನನ್ನ ಕೈಗೂ ಒಮ್ಮೆ ಬಂದಿತ್ತು. ಬಿಚ್ಚಿ, ಸೀಟು ತಯಾರಕರ ಕೈಪಿಡಿಯ ಚಿತ್ರದಲ್ಲಿರುವ ದಿಕ್ಕಿಗೇ ಸಿಕ್ಕಿಸಿ. ನಾಲಿಗೆ ಪೂರ್ತಿ ಮುಚ್ಚಬೇಕು, ಕೊಕ್ಕೆ ಸಲೀಸಾಗಿ ತಿರುಗಬೇಕು, ಪಟ್ಟಿ ಹೊರಳಿರಬಾರದು. ನಾಲಿಗೆ ಬಾಗಿದ್ದರೆ ಇಕ್ಕಳದಿಂದ ನೆಟ್ಟಗೆ ಮಾಡುವ ಜಾಣತನ ಬೇಡ, ಬೆಲ್ಟನ್ನೇ ಬದಲಿಸಿ. ಅಕ್ಕಪಕ್ಕದ ಸೀಟುಗಳನ್ನೂ ನೋಡಿ, ಜೋಡಿಸಿದ ಕೈ ಒಂದೇ ಇದ್ದೀತು. ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿಲ್ಲ.