ಡ್ಯಾಕ್ ಕೇಬಲ್ ಸರಿಯಾಗಿದೆ, ಡೇಟಾ ಬೇರೆ ದಾರಿ ಹಿಡಿದಿದೆ

ಮುಂಬೈ ಮುಲುಂಡ್‌ನ ಸ್ನೇಹಿತರೇ, ನೀವು ಬರೆದ ಪ್ರಕಾರ ಎರಡು ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಯಂತ್ರ ಓಡಿಸುವ ಲಿನಕ್ಸ್ ವ್ಯವಸ್ಥೆ) ಸರ್ವರ್, ಎರಡರಲ್ಲೂ ಲ್ಯಾಮಿಂಗ್ಟನ್ ರೋಡಿನಿಂದ ತಂದ ಹಳೆಯ ಇಂಟೆಲ್ ಎಕ್ಸ್520 (10 ಗಿಗಾಬಿಟ್ ನೆಟ್‌ವರ್ಕ್) ಕಾರ್ಡು, ನಡುವೆ ಸ್ವಿಚ್ ಇಲ್ಲದೆ 2 ಮೀಟರ್ ಡ್ಯಾಕ್ ಕೇಬಲ್ (ಎರಡು ಕಾರ್ಡನ್ನು ನೇರವಾಗಿ ಜೋಡಿಸುವ ತಾಮ್ರದ ಕೇಬಲ್). ಲೈಟು ಉರಿಯುತ್ತದೆ, ಪಿಂಗ್ ಬರುತ್ತದೆ, ಆದರೆ ಕಾಪಿ ಸೆಕೆಂಡಿಗೆ 112 ಎಂಬಿ ದಾಟುವುದಿಲ್ಲ. ಎಲ್ಲ ಪೋರ್ಟಿಗೂ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಬೈಟು, ಸಾಮಾನ್ಯವಾಗಿ 1500) 9000 ಹಾಕಿದ ಮೇಲೆ ಅದೂ ನಿಂತಿದೆ.

ದಯವಿಟ್ಟು ಇನ್ನೊಂದು ಕಾರ್ಡಿಗೆ ದುಡ್ಡು ಹಾಕಬೇಡಿ. 112 ಎಂಬಿ ಅಂದರೆ 1 ಗಿಗಾಬಿಟ್ ಪೋರ್ಟಿನ ಮಿತಿ. ರೂಟರಿಗೆ ಹೋಗುವ ನಿಮ್ಮ ಮದರ್‌ಬೋರ್ಡಿನ ಪೋರ್ಟೂ 192.168.1 ವಿಳಾಸಗಳ ಸಾಲಿನಲ್ಲಿದೆ, ಡ್ಯಾಕ್ ಪೋರ್ಟೂ ಅದೇ ಸಾಲಿನಲ್ಲಿದೆ. ಒಂದೇ ಸಬ್‌ನೆಟ್‌ಗೆ (ಅಂಥ ವಿಳಾಸಗಳ ಸಾಲಿಗೆ) ಎರಡು ದಾರಿ ಇದ್ದಾಗ ಲಿನಕ್ಸ್ ಒಂದನ್ನು ಆರಿಸಿಕೊಳ್ಳುತ್ತದೆ. ನಿಮ್ಮಲ್ಲಿ ಆರಿಸಿದ್ದು ರೂಟರ್ ಕಡೆಯದನ್ನು. ಡ್ಯಾಕ್ ಕಿತ್ತು ಪಿಂಗ್ ಮಾಡಿ ನೋಡಿ, ಆಗಲೂ ಉತ್ತರ ಬರುತ್ತದೆ. ಎಂಟಿಯು ಕಥೆಯೂ ಇದೇ: 9000 ಬೈಟಿನ ಫ್ರೇಮುಗಳು ಮನೆಯ ರೂಟರಿಗೆ ಹೋಗಿ ಅಲ್ಲೇ ಬೀಳುತ್ತಿವೆ. ಚಿಕ್ಕ ಪಿಂಗ್ ಮಾತ್ರ ದಾಟುತ್ತದೆ.

ಮದರ್‌ಬೋರ್ಡ್ ಪೋರ್ಟನ್ನೂ ಅದರ ಬ್ರಿಜ್ಜನ್ನೂ (ಪ್ರಾಕ್ಸ್‌ಮಾಕ್ಸ್ ಒಳಗಿನ ಸಾಫ್ಟ್‌ವೇರ್ ಸ್ವಿಚ್, ಹೆಸರು ವಿಎಂಬಿಆರ್0) 1500ಕ್ಕೆ ಮರಳಿಸಿ. ಡ್ಯಾಕ್ ಪೋರ್ಟುಗಳಿಗೆ 10.10.10.1/30 ಮತ್ತು 10.10.10.2/30 ಕೊಡಿ, ಗೇಟ್‌ವೇ ಖಾಲಿ ಬಿಡಿ. ಡ್ಯಾಕ್ ಪೋರ್ಟನ್ನು ವಿಎಂಬಿಆರ್0 ಬ್ರಿಜ್ಜಿಗೆ ಯಾವ ಕಾರಣಕ್ಕೂ ಸೇರಿಸಬೇಡಿ. ಎರಡೂ ಸರ್ವರಿನಲ್ಲಿ ಹಾಗೆ ಮಾಡಿದರೆ ರೂಟರ್ ಮೂಲಕ ಲೂಪ್ ಆಗಿ ಇಡೀ ಮನೆಯ ನೆಟ್‌ವರ್ಕ್ ಮಲಗುತ್ತದೆ. ಆ ಬ್ರಿಜ್ಜಿನಲ್ಲಿ ಸ್ಪ್ಯಾನಿಂಗ್ ಟ್ರೀ (ಲೂಪ್ ತಡೆಯುವ ವ್ಯವಸ್ಥೆ) ತಾನಾಗಿ ಆನ್ ಇರುವುದಿಲ್ಲ. ಆಮೇಲೆ 10.10.10.1 ಇರುವ ಸರ್ವರಿನಲ್ಲಿ 'ಐಪಿ ರೂಟ್ ಗೆಟ್ 10.10.10.2' ಕೊಟ್ಟರೆ ಡ್ಯಾಕ್ ಪೋರ್ಟಿನ ಹೆಸರೇ ಬರಬೇಕು.

ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೌಂಟ್ ಹಳೆಯ ವಿಳಾಸದಲ್ಲೇ ಉಳಿದರೆ ಇಷ್ಟು ಮಾಡಿದ್ದೂ ವ್ಯರ್ಥ. ಫೈಲ್ ಕೊಡುವ ಸರ್ವರ್ 10.10.10.1 ಆಗಿದ್ದರೆ ಮೌಂಟಿನಲ್ಲಿ ಅದನ್ನೇ ಹಾಕಿ, ಆ ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ 10.10.10.2ಕ್ಕೆ ಅನುಮತಿ ಕೊಡಿ.

ಮೊದಲು 1500ರಲ್ಲೇ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಪ್ರೋಗ್ರಾಂ) ಓಡಿಸಿ: 9.4 ಗಿಗಾಬಿಟ್ ಹತ್ತಿರ ಬರಬೇಕು. ಬಂದರೆ 9000ದ ಆಸೆ ಬಿಟ್ಟರೂ ನಷ್ಟ ಕಡಿಮೆ. ಬೇಕೇ ಬೇಕೆಂದರೆ ಎರಡೂ ತುದಿಯ ಡ್ಯಾಕ್ ಪೋರ್ಟಿಗೆ ಮಾತ್ರ ಹಾಕಿ, ಫ್ರಾಗ್ಮೆಂಟ್ ಮಾಡಬಾರದೆಂಬ ಆಪ್ಷನ್ ಜೊತೆ 8972 ಬೈಟಿನ ಪಿಂಗ್ ಕಳಿಸಿ. ಉಳಿದ 28 ಬೈಟು ಐಪಿ ಮತ್ತು ಐಸಿಎಂಪಿ ಹೆಡರಿನದು.

ಐಪರ್ಫ್ ವೇಗ 3 ಗಿಗಾಬಿಟ್ ಆಸುಪಾಸಿನಲ್ಲಿ ನಿಂತರೆ ಕಾರ್ಡು ಕೂತ ಸ್ಲಾಟ್ ನೋಡಿ. ಎಕ್ಸ್520ಗೆ ಪಿಸಿಐಇ 2.0 ಎಕ್ಸ್8 (8 ಲೇನಿನ) ಸ್ಲಾಟ್ ಬೇಕು, ಒಂದೇ ಪೋರ್ಟಿಗೆ ಎಕ್ಸ್4 ಸಾಕು, ಎಕ್ಸ್1ರಲ್ಲಿ 4 ಗಿಗಾಬಿಟ್ಟೇ ಗರಿಷ್ಠ. ಐಪರ್ಫ್ ಚೆನ್ನಾಗಿದ್ದೂ ಕಾಪಿ ಸೆಕೆಂಡಿಗೆ 200 ಎಂಬಿ ಹತ್ತಿರ ನಿಂತರೆ ಅದು ಹಾರ್ಡ್ ಡಿಸ್ಕಿನ ವೇಗ, ನೆಟ್‌ವರ್ಕಿನ ದೋಷವಲ್ಲ.

ಲಿಂಕ್ ಆಗಾಗ ಬಿದ್ದೇಳುತ್ತಿದ್ದರೆ ಈಥ್‌ಟೂಲ್ ಕಮಾಂಡಿನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮುಗಳ ಎಣಿಕೆ) ಏರುತ್ತಿದೆಯೇ ನೋಡಿ. ಮುಂಬೈ ಮಳೆಗಾಲದ ತೇವಕ್ಕೆ ಹಳೆಯ ಕಾರ್ಡಿನ ಕನೆಕ್ಟರ್ ಕಪ್ಪಾಗಿದ್ದರೆ ಪವರ್ ತೆಗೆದು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಈ ಕಾರ್ಡಿಗೆ ಸ್ವಂತ ಫ್ಯಾನ್ ಇಲ್ಲ, ಟವರ್ ಕ್ಯಾಬಿನೆಟ್ಟಿನಲ್ಲಿ ಸುಡುತ್ತದೆ. ಹೀಟ್‌ಸಿಂಕ್ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನ್ ಕೂರಿಸಿ.