ಪ್ರೊಬಯಾಟಿಕ್ ತಗೊಂಡರೆ ಮೂಳೆಯ ಮಾತ್ರೆ ಬಿಡಬಹುದಾ?

ಪ್ರಶ್ನೆ: ಅಮ್ಮನಿಗೆ 56 ವರ್ಷ, ಮುಟ್ಟು ನಿಂತಿದೆ. ಮೂಳೆ ಟೊಳ್ಳಾಗುತ್ತಿದೆ ಎಂದು ಡಾಕ್ಟರ್ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದಾರೆ. ಕರುಳಿನ ಬ್ಯಾಕ್ಟೀರಿಯಾ ಸರಿಹೋದರೆ ಮೂಳೆ ತಾನೇ ಗಟ್ಟಿಯಾಗುತ್ತಂತೆ. ಮಾತ್ರೆ ನಿಲ್ಲಿಸಿ, ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಕೊಡಲಾ?

ಉತ್ತರ: ನಿಲ್ಲಿಸಬೇಡಿ. ಪ್ರತಿ ಸಲವೂ ಇದೇ ಪ್ರಶ್ನೆ ಬರುತ್ತಿದೆ, ಅದಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ.

ಕರುಳಿಗೂ ಮೂಳೆಗೂ ನಂಟಿರುವುದು ನಿಜ. ನಡುವೆ ಇರುವುದು ರೋಗನಿರೋಧಕ ಕೋಶಗಳು. ಅವು ಕೆರಳಿದರೆ ಟಿಎನ್‌ಎಫ್, ಐಎಲ್-17 ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಆಗ ಮೂಳೆ ಕರಗಿಸುವ ಕೋಶಗಳು ಜಾಸ್ತಿಯಾಗುತ್ತವೆ. 2016ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯದವರು ಇದನ್ನು ಇಲಿಗಳಲ್ಲಿ ತೋರಿಸಿದರು. ಮುಟ್ಟು ನಿಂತಾಗ ಕಡಿಮೆಯಾಗುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಇಳಿದಾಗ ಕರುಳಿನ ಒಳಪದರ ಸಡಿಲವಾಗಿ, ಅಲ್ಲಿಂದಲೇ ಈ ಕೆರಳಿಕೆ ಶುರುವಾಗುತ್ತಿತ್ತು. ಕರುಳಲ್ಲಿ ಬ್ಯಾಕ್ಟೀರಿಯಾವೇ ಇಲ್ಲದ ಇಲಿಗಳ ಮೂಳೆ ಹಾಗೆ ಸವೆಯಲಿಲ್ಲ. ಪ್ರೊಬಯಾಟಿಕ್ ತಿಂದ ಇಲಿಗಳ ಮೂಳೆಯೂ ಉಳಿಯಿತು.

ಮನುಷ್ಯರ ಕಥೆ ಬೇರೆ. ಸ್ವೀಡನ್ನಿನಲ್ಲಿ 75ರಿಂದ 80 ವರ್ಷದ 90 ಮಹಿಳೆಯರ ಮೇಲೆ ಲ್ಯಾಕ್ಟೋಬ್ಯಾಸಿಲಸ್ ರ್ಯೂಟೆರಿ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾವನ್ನು ಪರೀಕ್ಷಿಸಿದರು. ಅದನ್ನು ತಗೊಂಡವರಿಗೆ ಒಂದು ವರ್ಷದಲ್ಲಿ ಕಣಕಾಲಿನ ಮೂಳೆ ಸವೆದಿದ್ದು ಕಡಿಮೆ. ಇದು 2018ರ ಸುದ್ದಿ. ಪ್ರೊಬಯಾಟಿಕ್ ಮಾರುವ ಅಂಗಡಿಯವರು ಹೇಳುವುದು ಇಷ್ಟೇ. ಆದರೆ ಆಮೇಲೆ, ಮುಟ್ಟು ನಿಂತು ಹೆಚ್ಚು ದಿನವಾಗದ ಇನ್ನೂರಕ್ಕೂ ಹೆಚ್ಚು ಮಹಿಳೆಯರ ಮೇಲೆ ಅದೇ ಬ್ಯಾಕ್ಟೀರಿಯಾವನ್ನು ಎರಡು ವರ್ಷ ಪರೀಕ್ಷಿಸಿದರು. 2024ರಲ್ಲಿ ಫಲಿತಾಂಶ ಬಂತು: ಪ್ರಯೋಜನ ಕಾಣಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಅಲೆಂಡ್ರೊನೇಟ್ ಮೂಳೆ ಮುರಿತವನ್ನೇ ಕಡಿಮೆ ಮಾಡುತ್ತದೆ, ಅದು ಸಾಬೀತಾಗಿದೆ. ಸೊಂಟದ ಮೂಳೆ ಮುರಿದು ಮತ್ತೆ ಏಳದವರನ್ನು ನೋಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಧೈರ್ಯ ಕಡಿಮೆ.

ಮೊಸರು, ಮಜ್ಜಿಗೆ, ಕಾಳು, ಸೊಪ್ಪು, ರಾಗಿ ಧಾರಾಳವಾಗಿ ಕೊಡಿ. ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ರಾಸಾಯನಿಕವಾಗಿ ಮಾಡುತ್ತವೆ, ಅದು ಕೆರಳಿಕೆ ತಗ್ಗಿಸುತ್ತದೆ. ಆದರೆ ಆ ಮಾತ್ರೆಯನ್ನು ಮೊಸರು, ಹಾಲಿನ ಜೊತೆ ಕೊಡಲೇಬೇಡಿ, ಕ್ಯಾಲ್ಸಿಯಂ ಇದ್ದರೆ ಅದು ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆ, ಒಂದು ಲೋಟ ಬರೀ ನೀರು. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು.

ಪ್ರಶ್ನೆ: ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಲಾ?

ಉತ್ತರ: ಸುಮ್ನೆ ದುಡ್ಡು ದಂಡ. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಮಂಡಿ ಸವೆತವೂ ಇದೇ ಕಾಯಿಲೆಯಾ?

ಉತ್ತರ: ಅಲ್ಲ. ಅದು ಕೀಲಿನದು.

ಪ್ರಶ್ನೆ: ನಾಟಿ ಪುಡಿಯಿಂದ ಎರಡೇ ದಿನಕ್ಕೆ ನೋವು ಹೋಯಿತು. ಮುಂದುವರಿಸಲಾ?

ಉತ್ತರ: ಅಷ್ಟು ಬೇಗ ಹೋಯಿತೆಂದರೆ ನನಗೆ ಭಯವಾಗುತ್ತದೆ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿದೆ. ಸ್ಟಿರಾಯ್ಡ್ ಮೂಳೆಯನ್ನೇ ತಿಂದುಹಾಕುತ್ತದೆ. ಬೆರೆಸಿ ಮಾರುವುದು ಮೋಸ ಮಾತ್ರವಲ್ಲ, ಅಪರಾಧ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ. ಪುಡಿಯ ಪೊಟ್ಟಣ ಹಿಡಿದುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ.